ಸೈಕಲ್ಲಿನ ಮೇಲೊಂದು ಕೂದಲೆಳೆ

ಕೂತಲ್ಲಿ ಕೂರುವುದು ಒಂದು ವಿದ್ಯೆ. ನನಗೆ ಅದು ಬರುವುದಿಲ್ಲ. ಊಟಕ್ಕೆ ಕೂತರೆ ಉಪ್ಪಿನಕಾಯಿ ಮರೆತೆನೆಂದು ಏಳುತ್ತೇನೆ. ಉಪ್ಪಿನಕಾಯಿ ತರಲು ಹೋದವಳು ಅಲ್ಲಿರುವ ಡಬ್ಬಿಗಳ ಮುಚ್ಚಳವೆಲ್ಲ ಗಟ್ಟಿಯಾಗಿವೆಯೇ ಎಂದು ತಿರುವಿ ನೋಡುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ರೊಟ್ಟಿ ಆರಿ ಹಪ್ಪಳವಾಗಿರುತ್ತದೆ. ಸಿಂದಗಿಯ ಹೈಸ್ಕೂಲೊಂದರಲ್ಲಿ ಹದಿನೇಳು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ, ಒಂದು ದಿನವೂ ಕುರ್ಚಿಯ ಮೇಲೆ ಕೂತು ಪಾಠ ಮಾಡಿಲ್ಲ. ಮಕ್ಕಳು ಇದನ್ನು ಶ್ರದ್ಧೆ ಎಂದು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಮ್ಮ ಮನೆಯವರಿಗೆ ಮಾತ್ರ ಸತ್ಯ ಗೊತ್ತು. ಅವರು ಕಚೇರಿಯ ಕುರ್ಚಿಯಲ್ಲಿ ನಾಲ್ಕು ತಾಸು ಮಿಸುಕದೆ ಕೂರಬಲ್ಲವರು. ‘ನಿನ್ನ ಕಾಲಿಗೆ ಹುಟ್ಟಾ ಚಕ್ರ ಅದಾವು, ಮ್ಯಾಲೆ ಸೈಕಲ್ ಬ್ಯಾರೆ ಯಾಕ ಬೇಕು ನಿನಗ?’ ಎನ್ನುತ್ತಾರೆ.

ಆ ಸೈಕಲ್ಲಿನ ಕತೆಯನ್ನೇ ಹೇಳಲು ಹೊರಟಿದ್ದೇನೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮಕ್ಕಳಿಗೆ ಸೈಕಲ್ ರೇಸಿನ ಹುಚ್ಚು ಹಿಡಿಯುವುದು ಬೇರೆ ಕಡೆ ಕ್ರಿಕೆಟ್ಟಿನ ಹುಚ್ಚು ಹಿಡಿದಷ್ಟೇ ಸಹಜ. ನನಗೂ ಹಿಡಿದಿತ್ತು. ಕಾಲೇಜಿನ ದಿನಗಳಲ್ಲಿ ನಾಲ್ಕು ವರ್ಷ ರೇಸು ಓಡಿಸಿದೆ. ಕೊನೆಯ ಎರಡು ವರ್ಷ ನನ್ನ ಕೆಳಗಿದ್ದದ್ದು, ನೌಕರಿ ಸಿಕ್ಕು ಆಟ ಬಿಟ್ಟ ಹಿರಿಯಳೊಬ್ಬಳು ಕೊಟ್ಟುಹೋದ ಕಾರ್ಬನ್ ಸೈಕಲ್. ಕಾರ್ಬನ್ ಎಂದರೆ ನೋಡಲು ಕಬ್ಬಿಣದ ಕೊಳವೆಯಂತೆಯೇ ಇರುತ್ತದೆ, ಆದರೆ ಲೋಹವಲ್ಲ. ಕೂದಲಿಗಿಂತ ಸಣ್ಣ ಕಪ್ಪು ಎಳೆಗಳ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು, ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಎರಡು ಬೆರಳಿನಲ್ಲಿ ಎತ್ತಬಹುದು. ಒಮ್ಮೆ ಬಸವನ ಬಾಗೇವಾಡಿ ರಸ್ತೆಯಲ್ಲಿ, ರೈತರು ರಾಶಿಗೆಂದು ಹಾಸಿದ್ದ ತೊಗರಿಕಟ್ಟಿಗೆಯ ಮೇಲೆ ಜಾರಿ ಅದರ ಸಮೇತ ಬಿದ್ದಿದ್ದೆ. ನನ್ನ ಮೊಣಕೈಗೆ ಹೊಲಿಗೆ ಬಿತ್ತು, ಸೈಕಲ್ಲಿಗೆ ಏನೂ ಆಗಲಿಲ್ಲ. ಹಾಗೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ನೌಕರಿ, ಮದುವೆ, ಮಕ್ಕಳು ಎಲ್ಲ ಆದರೂ ಸೈಕಲ್ ಮಾತ್ರ ಮನೆಯ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ನಿಂತೇ ಇತ್ತು. ವರ್ಷಕ್ಕೆ ನಾಲ್ಕಾರು ಸಲ ಒರೆಸುತ್ತಿದ್ದೆ, ಒಂದೆರಡು ಸಲ ಹತ್ತುತ್ತಿದ್ದೆ.

ಈ ವರ್ಷ ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ ಜಿಲ್ಲಾ ತಂಡದ ಆಯ್ಕೆಯ ರೇಸಿಗೆ ಹೆಸರು ಕೊಟ್ಟಳು. ತಾಂಬಾ ಊರಿನ ಹುಡುಗಿ, ಈಗ ಇಲ್ಲಿಯೇ ಪಿಯುಸಿ ಓದುತ್ತಾಳೆ. ಅವಳಲ್ಲಿ ಇದ್ದದ್ದು ಅವಳಷ್ಟೇ ತೂಕದ ಕಬ್ಬಿಣದ ಸೈಕಲ್. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗಲೇ, ‘ನನ್ನ ಕಾರ್ಬನ್ ಸೈಕಲ್ ಕೊಡತೇನಿ’ ಎಂದುಬಿಟ್ಟೆ. ಮುಖ್ಯೋಪಾಧ್ಯಾಯರು ಮರುದಿನ ಪ್ರಾರ್ಥನೆಯ ಹೊತ್ತಿಗೆ ಅದನ್ನು ಮೈಕಿನಲ್ಲಿ ಸಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ದಾನದ ಸುಖ ಏನೆಂದು ಆ ದಿನ ತಿಳಿಯಿತು. ಅದು ಬಹಳ ಹೊತ್ತು ಉಳಿಯುವುದಿಲ್ಲ ಎಂಬುದೂ ಬೇಗನೆ ತಿಳಿಯಿತು.

ಕೊಡುವ ಮುಂಚೆ ಒಮ್ಮೆ ಓಡಿಸಿ ನೋಡೋಣವೆಂದು ದೇವರ ಹಿಪ್ಪರಗಿ ರಸ್ತೆಗೆ ಹೋದೆ. ಪೆಡಲು ತುಳಿದಾಗೊಮ್ಮೆ ‘ಟಿಕ್’ ಎಂದಿತು. ಮತ್ತೆ ತುಳಿದೆ, ಮತ್ತೆ ‘ಟಿಕ್’. ಹಳೆಯ ಕಾರ್ಬನ್ ಸೈಕಲ್ಲಿನಲ್ಲಿ ಸಪ್ಪಳ ಬಂತೆಂದರೆ ಎದೆ ಧಸಕ್ಕೆನ್ನುತ್ತದೆ. ಕಬ್ಬಿಣವಾದರೆ ಬಾಗುತ್ತದೆ, ತುಕ್ಕು ಹಿಡಿಯುತ್ತದೆ, ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಕಾರ್ಬನ್ ಹಾಗಲ್ಲ. ಒಳಗೆ ಪದರ ಬಿಟ್ಟುಕೊಂಡಿದ್ದರೂ ಮೇಲೆ ಬಣ್ಣ ಥಳಥಳ ಎನ್ನುತ್ತಿರುತ್ತದೆ. ಒಂದು ದಿನ ಇಳಿಜಾರಿನಲ್ಲಿ, ಹೇಳದೆ ಕೇಳದೆ, ಎರಡು ತುಂಡು. ನಾನು ಅರ್ಧ ದಾರಿಯಲ್ಲೇ ಇಳಿದು ಸೈಕಲ್ಲನ್ನು ನಡೆಸಿಕೊಂಡು ಮನೆಗೆ ಬಂದೆ.

ಅಲ್ಲಿಂದ ಮೂರು ದಿನ ನಾನು ಮನೆಯಲ್ಲಿದ್ದೂ ಇರಲಿಲ್ಲ. ಪೆಡಲು ಬಿಚ್ಚಿ ಗ್ರೀಸು ಹಚ್ಚಿ ಹಾಕಿದೆ, ಸಪ್ಪಳ ಹೋಗಲಿಲ್ಲ. ಸೀಟಿನ ಕಂಬ ಕೀಳಲು ಹೋದೆ. ಅದು ಅಲ್ಯುಮಿನಿಯಮ್ಮಿನದು, ವರ್ಷಗಟ್ಟಲೆ ಕಾರ್ಬನ್ನಿನೊಳಗೆ ಕೂತು ಬಿಳಿ ಪುಡಿ ಬಿಟ್ಟು ಕಚ್ಚಿಕೊಂಡಿತ್ತು. ಮನೆಯವರು ಸೈಕಲ್ ಹಿಡಿದುಕೊಂಡರು, ನಾನು ಸೀಟು ತಿರುವಿದೆ. ಅದು ಕಿತ್ತು ಬಂದ ರಭಸಕ್ಕೆ ಇಬ್ಬರೂ ಒಂದೊಂದು ಗೋಡೆಗೆ ಒರಗಿದೆವು. ಸಪ್ಪಳ ಆಗಲೂ ಹೋಗಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಅಂಗಡಿ ಇಟ್ಟಿರುವ ದಸ್ತಗೀರಸಾಬರ ಬಳಿ ಒಯ್ದೆ. ಅವರು ತಾವೇ ಹತ್ತಿ ಅಂಗಡಿಯ ಮುಂದೆ ನಾಲ್ಕು ಸುತ್ತು ಹಾಕಿ ಬಂದರು.

‘ಇದರಾಗ ಏನೂ ಸಪ್ಪಳ ಇಲ್ಲಲ್ರಿ ಅಕ್ಕೋರ’ ಎಂದರು. ನಮ್ಮ ಕಡೆ ಟೀಚರುಗಳೆಲ್ಲ ಅಕ್ಕೋರುಗಳು.

ನಾನು ಹತ್ತಿ ತೋರಿಸಿದೆ. ಟಿಕ್, ಟಿಕ್. ಅವರು ಒಂದು ಕ್ಷಣ ಯೋಚಿಸಿ, ರಿಪೇರಿಗೆ ಬಂದಿದ್ದ ಯಾರದೋ ಕಬ್ಬಿಣದ ಸೈಕಲ್ ತಂದು ಮುಂದೆ ನಿಲ್ಲಿಸಿದರು. ‘ಇದನ್ನೊಮ್ಮಿ ತುಳದ ನೋಡ್ರಿ.’

ತುಳಿದೆ. ಟಿಕ್.

‘ಅಕ್ಕೋರ, ಸಿಟ್ಟಾಗಬ್ಯಾಡ್ರಿ’ ಎಂದರು ದಸ್ತಗೀರಸಾಬರು ಬಹಳ ಮರ್ಯಾದೆಯಿಂದ. ‘ಇದು ಸೈಕಲ್ಲಿಂದಲ್ರಿ, ನಿಮ್ಮ ಬಲಗಡಿ ಮೊಣಕಾಲಿಂದು.’

ನಲವತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಬಸ್ ಸ್ಟ್ಯಾಂಡಿನ ಎದುರು ಹೇಳುವ ಮಾತೇ ಅದು? ಆದರೆ ನನಗೆ ಸಿಟ್ಟು ಬರಲಿಲ್ಲ, ಹಾಡು ಬಂತು. ಫ್ರೇಮು ನೆಟ್ಟಗಿದೆ, ನಾನು ಡೊಂಕಾದರೆ ಡೊಂಕಾಗಲಿ! ಮನೆಗೆ ಬಂದು ಖುಷಿಯಿಂದ ಸೈಕಲ್ಲಿಗೆ ಶಾಂಪೂ ಹಚ್ಚಿ ಸ್ನಾನ ಮಾಡಿಸಿದೆ. ನೀರಿನ ಬಾಟಲಿ ಸಿಕ್ಕಿಸುವ ಕ್ಲಿಪ್ಪನ್ನು ಈ ಇಪ್ಪತ್ತು ವರ್ಷದಲ್ಲಿ ಬಿಚ್ಚಿರಲಿಲ್ಲ, ಅದನ್ನೂ ಬಿಚ್ಚಿ ಒರೆಸಿದೆ. ಕ್ಲಿಪ್ಪಿನ ಕೆಳಗೆ, ಪೆಡಲಿನ ಕಡೆಗೆ ಇಳಿಯುವ ದಪ್ಪ ಕೊಳವೆಯ ಬಲಮಗ್ಗುಲಲ್ಲಿ, ಬೆರಳುದ್ದದ ಒಂದು ಕೂದಲು ಅಂಟಿತ್ತು. ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಹೋಗಲಿಲ್ಲ. ಅದು ಕೂದಲಲ್ಲ, ಗೆರೆ.

ಗೆರೆ ಬಣ್ಣದ್ದಾಗಿರಬಹುದು, ಬಣ್ಣದ ಕೆಳಗಿನ ಎಳೆಯದ್ದಾಗಿರಬಹುದು. ಬಣ್ಣದ್ದಾದರೆ ನಗಬಹುದು, ಎಳೆಯದ್ದಾದರೆ ಸೈಕಲ್ಲಿನ ಆಯುಷ್ಯ ಮುಗಿದಂತೆ. ನೋಡಿ ತಿಳಿಯುವ ಬಗೆಗಳೆಲ್ಲ ನನಗೆ ಗೊತ್ತಿದ್ದವು. ಹತ್ತಿಬಟ್ಟೆ ಎಳೆದು ನೋಡಿದೆ. ಎಳೆ ಮುರಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ. ಸಿಕ್ಕಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ಶಾಲೆಯ ಪ್ರಯೋಗಾಲಯದಿಂದ ತಂದ ಭೂತಗನ್ನಡಿಯಲ್ಲಿ ನೋಡಿದೆ. ಗೆರೆ ದೊಡ್ಡದಾಗಿ ಕಂಡಿತು, ಅಷ್ಟೇ. ನಾಣ್ಯದಿಂದ ಮೆಲ್ಲಗೆ ಬಡಿದು ನೋಡಿದೆ. ಮೇಲೆಲ್ಲ ‘ಟಣ್’ ಎಂದದ್ದು ಗೆರೆಯ ಬಳಿ ‘ಟಪ್’ ಎಂದಿತು. ‘ಅಲ್ಲಿ ಕೊಳವೆ ದಪ್ಪ ಇರತೈತಿ, ಅದಕ್ಕ ಸಪ್ಪಳ ಬ್ಯಾರೆ’ ಎಂದು ನನಗೆ ನಾನೇ ಪಾಠ ಮಾಡಿದೆ. ನಿಂತುಕೊಂಡೇ ಮಾಡಿದೆ.

ಆಮೇಲೆ ಗೆರೆಯ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಸೈಕಲ್ಲನ್ನು ನಾಲ್ಕು ದಿನ ಓಡಿಸಿದೆ. ಗುರುತು ದಾಟದಿದ್ದರೆ ಬರೀ ಬಣ್ಣದ ಬಿರುಕು ಎಂಬುದು ನನ್ನ ತರ್ಕ. ಮುಂಜಾನೆ ಚಹಾಕ್ಕೆ ಮುಂಚೆ ಒಮ್ಮೆ ನೋಡುವುದು, ಶಾಲೆಗೆ ಹೊರಡುವಾಗ ಒಮ್ಮೆ, ಊಟದ ಬಿಡುವಿಗೆ ಮನೆಗೆ ಓಡಿಬಂದು ಒಮ್ಮೆ. ಒಂಬತ್ತನೇ ತರಗತಿಯಲ್ಲಿ ಬೆಳಕಿನ ಪಾಠ ಮಾಡುತ್ತ ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತೆನೋ, ಮಕ್ಕಳು ‘ಅಕ್ಕೋರ, ಮುಂದ?’ ಎಂದು ಕೇಳಬೇಕಾಯಿತು. ಐದನೆಯ ದಿನ ಗೆರೆ ಒಂದು ತುದಿಯ ಗುರುತನ್ನು ಅರ್ಧ ಅಕ್ಕಿಕಾಳಿನಷ್ಟು ದಾಟಿತ್ತು.

ಇಲ್ಲಿ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ರಬ್ಬರು ತಂದೆ. ಗುರುತನ್ನು ಅಳಿಸಿದೆ. ‘ಅವತ್ತು ಅವಸರದಾಗ ತಪ್ಪ ಹಾಕೇನಿ’ ಎಂದುಕೊಂಡು, ಗೆರೆಯ ಹೊಸ ತುದಿಗೆ ಹೊಸ ಗುರುತು ಹಾಕಿದೆ. ಮಕ್ಕಳು ಪ್ರಯೋಗದ ವಹಿಯಲ್ಲಿ ಉತ್ತರಕ್ಕೆ ತಕ್ಕಂತೆ ಅಳತೆ ತಿದ್ದಿದರೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುವವಳು ನಾನೇ. ಆದರೆ ಆ ಮಕ್ಕಳ ಸೈಕಲ್ಲಿನ ಬಗ್ಗೆ ಯಾರೂ ಮೈಕಿನಲ್ಲಿ ಸಾರಿರಲಿಲ್ಲವಲ್ಲ.

ಭಾನುವಾರ ಮುಂಜಾನೆ ಸೈಕಲ್ ಒಯ್ಯಲು ರೇಣುಕಾ ಬಂದಳು. ಜೊತೆಗೆ ಅವಳ ತಾಯಿ ಕಾಶವ್ವನೂ ಬಂದಿದ್ದಳು. ಸಂತೆಯಿಂದ ಸಂತೆಗೆ ಮಣ್ಣಿನ ಗಡಿಗೆ, ಮಗಿ ಒಯ್ದು ಮಾರುವ ಹೆಣ್ಣುಮಗಳು. ಮಗಳು ಹತ್ತುವ ಸೈಕಲ್ ಯಾವುದು, ಒಮ್ಮೆ ನೋಡಿಕೊಂಡು ಹೋಗುತ್ತೇನೆಂದು ಬಂದವಳು. ರೇಣುಕಾ ಸೈಕಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ತಾಯಿಗೆ ತೋರಿಸಿ ನಕ್ಕಳು. ಕಾಶವ್ವ ನಗಲಿಲ್ಲ. ‘ಇಷ್ಟ ಹಗರ ಐತಿ, ಇದು ಮಂದೀನ ಹೊರತೈತೇನ್ರಿ?’ ಎಂದು ಕೇಳಿ, ಕುಕ್ಕರುಗಾಲಿನಲ್ಲಿ ಕೂತು, ಬೆರಳು ಮಡಚಿ ಗೆಣ್ಣಿನಿಂದ ಕೊಳವೆಯನ್ನು ಬಡಿಯುತ್ತ ಬಂದಳು. ಗಡಿಗೆ ಮಾರುವವರು ಗಿರಾಕಿಯ ಮುಂದೆ ಬಡಿದು ತೋರಿಸುತ್ತಾರಲ್ಲ, ಹಾಗೆ. ಟಣ್, ಟಣ್, ಟಣ್, ಟಪ್. ಕೈ ನಿಂತಿತು.

‘ಇಲ್ಲಿ ಸೀಳೈತ್ರಿ ಅಕ್ಕೋರ.’

‘ಅಲ್ಲಿ ದಪ್ಪ ಇರತೈತಿ ಕಾಶವ್ವಾ, ಅದಕ್ಕ ಸಪ್ಪಳ ಬ್ಯಾರೆ ಬರತೈತಿ’ ಎಂದೆ. ಬಾಯಿಪಾಠವಾಗಿತ್ತು.

‘ಹೌದೇನ್ರಿ? ಹಂಗಾರ ಈ ಮಗ್ಗಲಾನೂ ಅಷ್ಟ ದಪ್ಪ ಇರಬೇಕಲ್ರಿ?’ ಎಂದವಳೇ ಕೊಳವೆಯ ಎಡಮಗ್ಗುಲನ್ನು ಅದೇ ಎತ್ತರದಲ್ಲಿ ಬಡಿದಳು. ಟಣ್.

ಇಷ್ಟು ದಿನ ಭೂತಗನ್ನಡಿ ಹಿಡಿದು ಒದ್ದಾಡಿದ ವಿಜ್ಞಾನದ ಅಕ್ಕೋರಿಗೆ ಎಡಮಗ್ಗುಲು ಬಡಿದು ನೋಡಬೇಕೆಂದು ಹೊಳೆದಿರಲಿಲ್ಲ. ಹೊಳೆದಿದ್ದರೂ ಬಡಿಯುತ್ತಿರಲಿಲ್ಲ ಎಂಬುದು ಇನ್ನೂ ದೊಡ್ಡ ನಿಜ. ಕಾಶವ್ವ ಬಗ್ಗಿ ಪೆನ್ಸಿಲಿನ ಗುರುತು ನೋಡಿದಳು. ಅದರ ಪಕ್ಕದಲ್ಲಿ ರಬ್ಬರು ಉಜ್ಜಿದ ಮಸಿಯೂ ಇತ್ತು. ಆಮೇಲೆ ನನ್ನ ಮುಖ ನೋಡಿದಳು.

‘ನಾ ಸೀಳ ಗಡಗಿ ಮಾರಂಗಿಲ್ರಿ’ ಎಂದಳು ಮೆಲ್ಲಗೆ. ‘ಮಾರಿದ್ರೂ ಏನಾದೀತು, ನೀರು ಸೋರತೈತಿ, ನಾಲ್ಕ ಬೈಗಳಾ ತಿಂತೇನಿ. ಇದರ ಮ್ಯಾಲೆ ನನ್ನ ಮಗಳು ಕುಂದರತಾಳ್ರಿ.’

‘ನನಗ ಗೊತ್ತಿತ್ತವಾ’ ಎಂದೆ. ಪೂರ್ತಿ ಹೇಳಲಿಲ್ಲ, ಅಷ್ಟೇ ಹೇಳಿದೆ. ಒಳಗೆ ಹೋಗಿ ಉಪ್ಪುಕಾಗದ ತಂದು, ಗೆರೆಯ ಮೇಲಿನ ಬಣ್ಣವನ್ನು ಉಜ್ಜಿದೆ. ಬಣ್ಣದ ಕೆಳಗೆ ಕಪ್ಪು ನೇಯ್ಗೆಯ ನಡುವೆ ಬೆಳ್ಳಗೆ, ಬೆರಳುದ್ದಕ್ಕಲ್ಲ, ಗೇಣುದ್ದಕ್ಕೆ ಎಳೆಗಳು ಬಿಟ್ಟುಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಕೊಳವೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಹಳೆಯ ಬೀಳಾಟದ್ದೋ, ಹಿಂದಿನ ಕೋಣೆಯಲ್ಲಿ ನಾನೇ ಅದಕ್ಕೆ ಆನಿಸಿಟ್ಟಿದ್ದ ಜೋಳದ ಚೀಲದ್ದೋ, ಯಾರು ಬಲ್ಲರು. ರೇಣುಕಾ ತಾನೂ ಒಮ್ಮೆ ಒತ್ತಿ ನೋಡಿ ಕೈ ಹಿಂದೆ ತೆಗೆದುಕೊಂಡಳು. ಮುದ್ದೇಬಿಹಾಳ ರಸ್ತೆಯಲ್ಲಿ ಇಟ್ಟಿದ್ದ ರೇಸಿಗೆ ನಾಲ್ಕೇ ದಿನ ಉಳಿದಿತ್ತು. ‘ಹಂಗಾರ ನಾ ಏನ್ ಹತ್ತಲ್ರಿ ಅಕ್ಕೋರ?’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೂತಲ್ಲಿ ಕೂರಲು ಬಾರದ ನನ್ನ ರೋಗ ಜೀವಮಾನದಲ್ಲಿ ಅಂದು ಮೊದಲ ಸಲ ಕೆಲಸಕ್ಕೆ ಬಂತು. ತಾಯಿ ಮಗಳಿಗೆ ಉಪ್ಪಿಟ್ಟು ಚಹಾ ಕೊಡುವ ಕೆಲಸ ಮನೆಯವರಿಗೆ ಒಪ್ಪಿಸಿ, ಉಟ್ಟ ಸೀರೆಯಲ್ಲೇ ಬಸ್ ಹತ್ತಿ ಬಸವನ ಬಾಗೇವಾಡಿಗೆ ಹೋದೆ. ಅಲ್ಲಿ ನನ್ನ ಜೊತೆ ರೇಸು ಓಡಿಸುತ್ತಿದ್ದ ಗಂಗೂ ಇದ್ದಾಳೆ. ಅಂದು ನನಗಿಂತ ಯಾವಾಗಲೂ ಹಿಂದೆ ಬರುತ್ತಿದ್ದವಳು. ಅವಳ ಅಲ್ಯುಮಿನಿಯಮ್ ಸೈಕಲ್ಲನ್ನು ನಾನು ‘ಹಿಂಡಾಲಿಯಂ ಬೋಗುಣಿ’ ಎಂದು ಎಷ್ಟು ಸಲ ಆಡಿಕೊಂಡಿದ್ದೆನೋ. ಅದನ್ನೇ ಈಗ ಕೈಮುಗಿದು ಕೇಳಬೇಕಾಯಿತು. ಅವಳು ಹಿಂದೆಮುಂದೆ ನೋಡದೆ ಕೊಟ್ಟಳು. ಕೊಡುವಾಗ ಮಾತ್ರ, ‘ಬೋಗುಣಿ ತೊಳದ ಇಟ್ಟೇನಿ ನೋಡವಾ’ ಎಂದಳು. ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ, ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡುತ್ತ, ಕಂಡಕ್ಟರನಿಂದ ಮೂರು ಸಲ ಬೈಸಿಕೊಂಡು ಊರು ಮುಟ್ಟಿಸಿದೆ.

ರೇಸಿನ ದಿನ ನನಗೆ ರಜೆ ಸಿಗಲಿಲ್ಲ. ಎರಡನೆಯ ಪೀರಿಯಡ್ಡಿನಲ್ಲಿ ವರಾಂಡದಲ್ಲಿ ಅಡ್ಡಾಡುತ್ತಿದ್ದಾಗ ರೇಣುಕಾಳ ಫೋನು ಬಂತು. ಇನ್ನೂ ಏದುಸಿರು ಬಿಡುತ್ತಿದ್ದಳು. ‘ನಾಲ್ಕನೇದಾಕಿ ಬಂದ್ನಿರಿ ಅಕ್ಕೋರ! ಐದ ಮಂದೀನ ತಗೊಂಡಾರ್ರಿ, ನಾನೂ ಅದೇನಿ!’ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಸೇರಿಸಿದಳು. ‘ನಿಮ್ಮ ಸೈಕಲ್ ಇದ್ದಿದ್ರ ಎರಡನೇದಾಕಿ ಬರತಿದ್ನಿರಿ.’ ನನ್ನ ಸಮಾಧಾನಕ್ಕೆ ಹೇಳಿದಳು, ಒಳ್ಳೆಯ ಹುಡುಗಿ.

ಆ ಮಾತನ್ನು ಸಂಜೆಯೊಳಗೆ ಹನ್ನೊಂದು ಜನರಿಗೆ ಹೇಳಿದೆ. ಮುಖ್ಯೋಪಾಧ್ಯಾಯರಿಗೆ ಎರಡು ಸಲ ಹೇಳಿದೆ, ಮತ್ತೆ ಮೈಕಿನಲ್ಲಿ ಸಾರಿದರೆ ಸಾರಲಿ ಎಂದು. ಮನೆಗೆ ಬಂದು ಮನೆಯವರಿಗೂ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ಎರಡನೇದಾಕಿ ಬರೂದ ಖರೆ. ಆದ್ರ ಇಳಿಜಾರಿನಾಗ ಅದು ಎರಡು ತುಂಡ ಆಗಿದ್ರ?’ ಎಂದು ಕೇಳಿದರು.

‘ಹಂಗೇನೂ ಆಕಿ ಹೇಳಿಲ್ಲಲ್ಲ’ ಎಂದೆ. ಹೇಳಿ, ಫೋನು ತೆಗೆದುಕೊಂಡು ಅಂಗಳಕ್ಕೆ ನಡೆದೆ. ಬಸವನ ಬಾಗೇವಾಡಿಯ ಗಂಗೂಗೆ ಈ ವಿಷಯ ಇನ್ನೂ ತಿಳಿಸಿರಲಿಲ್ಲ.