ಎಡರೆಕ್ಕೆಯ ಕೆಳಗೊಬ್ಬ ಅಳಿಯ

ತನ್ನದೇ ಮನೆಯ ಅಡುಗೆಮನೆಗೆ ಅಂಬೆಗಾಲಿಟ್ಟು ಹೋಗಬೇಕಾದ ಹೆಂಗಸು ಆ ಊರಿನಲ್ಲಿ ಒಬ್ಬಳೇ ಇದ್ದಳು. ಅವಳು ಕೂದಲೆಳೆ ರಾಯರ ಹೆಂಡತಿ. ಹಾಲಿಗೂ ಅಡುಗೆಮನೆಗೂ ನಡುವೆ, ನಾಲ್ಕು ಸ್ಟೂಲುಗಳ ಮೇಲೆ, ಗೋಡೆಯಿಂದ ಗೋಡೆಗೆ ಒಂದು ವಿಮಾನದ ಎಡರೆಕ್ಕೆ ಮಲಗಿತ್ತು. ವಿಮಾನದ ಒಡಲು, ಬಾಲ, ಬಲರೆಕ್ಕೆ ಎಲ್ಲ ಹಿತ್ತಲಿನ ಶೆಡ್ಡಿನಲ್ಲಿದ್ದವು. ಎಡರೆಕ್ಕೆಗೆ ಅಲ್ಲಿ ಜಾಗ ಸಾಲದೆ, "ಒಂದೇ ಒಂದು ವಾರ ಕಣೇ" ಎಂದು ರಾಯರು ಒಳಗೆ ತಂದಿದ್ದರು. ಆ ವಾರಕ್ಕೆ ಈಗ ಏಳು ತಿಂಗಳು ತುಂಬಿತ್ತು.

"ಕೆಲವರ ಗಂಡಂದಿರು ಕುಡೀತಾರೆ, ಕೆಲವರು ಇಸ್ಪೀಟು ಆಡ್ತಾರೆ. ಅಂಥವರಿಗೆ ಬುದ್ಧಿ ಹೇಳಬಹುದು," ಎಂದು ಅವಳು ಚಹಾದ ಲೋಟ ಹಿಡಿದು ರೆಕ್ಕೆಯ ಕೆಳಗಿನಿಂದ ತೆವಳಿ ಬರುತ್ತ ಹೇಳುತ್ತಿದ್ದಳು. "ಇವರಿಗೆ ಏನಂತ ಹೇಳೋದು?"

ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವವಳು. ಹಾಗಾಗಿ ಮನೆಯಲ್ಲಿ ಅವಳು ಗೊಣಗಿದರೂ ಬೀದಿಯ ಕೊನೆಯ ಮನೆಯವರಿಗೆ ಕೇಳುತ್ತಿತ್ತು. (ಅವರಲ್ಲಿ ಕೆಲವರು ಚೀಲ ಹಿಡಿದು ಎದ್ದು ನಿಂತದ್ದೂ ಉಂಟು.)

ರಾಯರದು ವಾಚು ರಿಪೇರಿಯ ಅಂಗಡಿ. "ಕೂದಲೆಳೆಯಷ್ಟೂ ಆಚೀಚೆ ಆಗಬಾರದು" ಎಂಬುದು ಅವರ ದಿನನಿತ್ಯದ ಮಂತ್ರ. ಊರಿನವರು ಅದನ್ನೇ ಅವರಿಗೆ ಬಿರುದಾಗಿ ಅಂಟಿಸಿದ್ದರು. ಏಳು ವರ್ಷಗಳ ಹಿಂದೆ ಅವರು ಗುಜರಿ ಅಂಗಡಿಯ ಹಿಂಬದಿಯಲ್ಲಿ ವಾಯುಸೇನೆಯ ಒಂದು ಹಳೆಯ ತರಬೇತಿ ವಿಮಾನ ಕಂಡರು. ರೆಕ್ಕೆಗಳ ಬಟ್ಟೆಯೆಲ್ಲ ಕೊಳೆತುಹೋಗಿ ಮರದ ಪಕ್ಕೆಲುಬುಗಳಷ್ಟೇ ಉಳಿದಿದ್ದವು. (ಹೌದು, ಬಟ್ಟೆ. ಆ ಕಾಲದ ಅಂಥ ವಿಮಾನಗಳ ರೆಕ್ಕೆಗೆ ಬಟ್ಟೆ ಹೊದಿಸಿ, ಪಕ್ಕೆಲುಬುಗಳಿಗೆ ಹೊಲಿದು ಬಿಗಿಯುತ್ತಿದ್ದರು.) ರಾಯರು ಅದನ್ನು ಮನೆಗೆ ತಂದು, ಇದನ್ನು ಅಸಲಿಗೆ ಅಸಲಿಯಾಗಿಯೇ ಎಬ್ಬಿಸಿ ವಸ್ತುಸಂಗ್ರಹಾಲಯದ ಸಭಾಂಗಣದಲ್ಲಿ ನಿಲ್ಲಿಸುತ್ತೇನೆ ಎಂದು ಭೀಷಣ ಪ್ರತಿಜ್ಞೆ ಮಾಡಿದರು.

ಅಂದಿನಿಂದ ಮನೆಯಲ್ಲಿ 'ನಕಲು' ಎಂಬುದು ಬೈಗುಳವಾಯಿತು. ಪ್ಲಾಸ್ಟಿಕ್ ಹೂವುಗಳು ಹೊರಗೆ ಹೋದವು. ಬಂದ ನೆಂಟರ ಕೈಚೀಲ ಮುಟ್ಟಿ ನೋಡಿ, "ಇದು ಚರ್ಮ ಅಲ್ಲ, ರೆಕ್ಸಿನ್ನು" ಎಂದು ರಾಯರು ತೀರ್ಪು ಕೊಟ್ಟರು. ನೆಂಟರೂ ಹೊರಗೆ ಹೋದರು.

ಬಲರೆಕ್ಕೆಗೆ ಬಟ್ಟೆ ಹೊಲಿಯಲು ಅವರಿಗೆ ಎರಡು ವರ್ಷ ಹಿಡಿಯಿತು. ಕಣ್ಣಿಗೆ ವಾಚಿನ ಭೂತಗನ್ನಡಿ ಸಿಕ್ಕಿಸಿಕೊಂಡು, ಪ್ರತಿ ಹೊಲಿಗೆಯನ್ನೂ ಅಳೆದು, ತಪ್ಪಿದ್ದನ್ನು ಬಿಚ್ಚಿ, ಮತ್ತೆ ಹಾಕಿ ಮುಗಿಸಿದರು. ಆಮೇಲೆ ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದರು. ಒಂದು ಭಾನುವಾರ ಪರೀಕ್ಷಕಿ ಬಂದೇ ಬಂದರು: ಗಿಡ್ಡ ಹೆಂಗಸು, ಕೈಯಲ್ಲೊಂದು ಟಾರ್ಚು, ಕಿವಿಯ ಮೇಲೊಂದು ಪೆನ್ಸಿಲು.

ಶೆಡ್ಡಿನಲ್ಲಿ ಬಲರೆಕ್ಕೆಯ ಮೇಲೆ ಟಾರ್ಚು ಹಾಯಿಸಿ ಅವರು ಹೇಳಿದರು, "ಅದ್ಭುತವಾಗಿದೆ."

ರಾಯರು ಪೂರಿಯಂತೆ ಉಬ್ಬಿದರು.

"ಅದೇ ತೊಂದರೆ," ಎಂದರು ಪರೀಕ್ಷಕಿ. "ಪ್ರಪಂಚದ ಯಾವ ಕಾರ್ಖಾನೆಯೂ ಇಷ್ಟು ಚೆನ್ನಾಗಿ ಹೊಲಿದಿಲ್ಲ. ಇದು ನಕಲು ಸಾರ್."

ಆ ಪದ ಕಿವಿಗೆ ಬಿದ್ದಾಗ ರಾಯರು ವಿಮಾನದ ಒಡಲಿನ ಆಸರೆ ಹಿಡಿದು ನಿಂತರು. ಪರೀಕ್ಷಕಿ ಚೀಲದಿಂದ ಅಂಗೈಯಗಲದ ಒಂದು ಹಳೆಯ ತುಂಡು ತೆಗೆದು ತೋರಿಸಿದರು. ಈ ವಿಮಾನ ತಯಾರಾದ ಕಾರ್ಖಾನೆಯದೇ ಅಸಲಿ ರೆಕ್ಕೆಯ ಬಟ್ಟೆ. ಅದರ ಮೇಲೆ ಹೊಲಿಗೆಗಳು ಸಂತೆಗೆ ಹೊರಟು ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಹೋದವರಂತೆ ಅತ್ತಿತ್ತ ಸುತ್ತಿದ್ದವು.

"ನಿಯಮ ಹೀಗಿದೆ," ಎಂದರು. "ಒಂದಾದರೂ ಮುಖ್ಯ ಭಾಗದಲ್ಲಿ ಆ ಕಾರ್ಖಾನೆಯಲ್ಲಿ ದುಡಿದವರ ಕೈಕೆಲಸ, ಅದೇ ರೀತಿಯದ್ದು, ಇರಬೇಕು. ಇದ್ದರೆ ಸಭಾಂಗಣ. ಇಲ್ಲದಿದ್ದರೆ ಮಕ್ಕಳ ಪಾರ್ಕು, ಜಾರುಬಂಡೆಯ ಪಕ್ಕ. ಆದ್ರೆ ಆ ಕೈಗಳು ಈಗ ಎಲ್ಲಿ ಸಿಗ್ತಾವೆ ಹೇಳಿ. ಹದಿನೈದು ದಿನ ಬಿಟ್ಟು ಎಡರೆಕ್ಕೆ ನೋಡೋಕೆ ಬರ್ತೀನಿ."

ಜಾರುಬಂಡೆ! ತಮ್ಮ ಏಳು ವರ್ಷದ ವಿಮಾನದೊಳಗೆ ಐಸ್‌ಕ್ರೀಮಿನ ಕೈಗಳು ಚಾಲಕನ ಹಿಡಿಕೆ ಹಿಡಿದು ಎಳೆದಾಡುವುದನ್ನು ಕಲ್ಪಿಸಿಕೊಂಡು ರಾಯರು ಹಾಲಿಗೆ ಬಂದು ದೊಪ್ಪನೆ ಕೂತರು. ಪರೀಕ್ಷಕಿ ಬಿಟ್ಟುಹೋದ ತುಂಡು ಕೈಯಲ್ಲೇ ಇತ್ತು.

ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ಹೆಂಡತಿಯ ತಾಯಿ, ಕತ್ತು ಚಾಚಿ ನೋಡಿದರು. "ಅಯ್ಯೋ, ಇದು ಎರಡನೇ ಸಾಲಿನ ಬೆಂಚಿನವರದು. ಆ ಗಂಟು ನೋಡಿ, ಅವರಿಗೆ ಗಂಟು ಹಾಕೋಕೆ ಬರ್ತಾನೇ ಇರಲಿಲ್ಲ."

"ಯಾವ ಬೆಂಚು ಅತ್ತೆ?"

"ಕಾರ್ಖಾನೇದು. ಮದುವೆಗೆ ಮುಂಚೆ ಮೂರು ವರ್ಷ ರೆಕ್ಕೆ ಹೊಲಿದಿದ್ದೀನಲ್ಲ."

ರಾಯರು ತುಂಡನ್ನು ಕೆಳಗಿಟ್ಟರು. "ಏಳು ವರ್ಷದಿಂದ ಇದೇ ಮನೇಲಿ ಇದ್ದೀರಿ. ಒಂದು ಮಾತು ಹೇಳಬಾರದಾ?"

"ಹೇಳೋಕೆ ಬಂದಿದ್ದೆ. 'ಇದು ಟೆಕ್ನಿಕಲ್ ವಿಷಯ, ನಿಮಗೆ ಗೊತ್ತಾಗಲ್ಲ ಅತ್ತೆ' ಅಂದ್ರಿ. ಸರಿ ಅಂತ ಬಟಾಣಿ ಸುಲಿಯೋಕೆ ಹೋದೆ."

ಮರುದಿನ ಬೆಳಗ್ಗೆಯೇ ಕೆಲಸ ಶುರುವಾಯಿತು. ಅಂಥ ಹೊಲಿಗೆಗೆ ಇಬ್ಬರು ಬೇಕು. ಮೇಲೆ ಕೂತವರು ಮೊಳದುದ್ದದ ಸೂಜಿಯನ್ನು ರೆಕ್ಕೆಯೊಳಗಿಂದ ಕೆಳಕ್ಕೆ ತಳ್ಳಬೇಕು. ಕೆಳಗಿರುವವರು ಅದನ್ನು ಪಕ್ಕೆಲುಬಿನ ಆಚೆ ಬದಿಯಿಂದ ಮೇಲಕ್ಕೆ ತಳ್ಳಬೇಕು. ಅತ್ತೆ ಕುರ್ಚಿ ಹಾಕಿಕೊಂಡು ಮೇಲೆ ಕೂತರು. ರಾಯರು ಚಾಪೆ ಹಾಸಿಕೊಂಡು ರೆಕ್ಕೆಯ ಕೆಳಗೆ ಅಂಗಾತ ಮಲಗಿದರು.

ಮೊದಲ ಪಕ್ಕೆಲುಬು ಮುಗಿದಾಗ ರಾಯರು ಹೊರಬಂದು ಭೂತಗನ್ನಡಿ ಇಟ್ಟು ನೋಡಿದರು. ಮುಖ ಬಾಡಿತು. "ಅತ್ತೆ, ಇದು ನೇರವಾಗಿದೆ."

"ಈಗ ನಿಧಾನವಾಗಿ ಹೊಲೀತೀನಲ್ಲ, ಅದಕ್ಕೆ. ಆಗ ಹಾಗಾ? ಬೆನ್ನ ಹಿಂದೆ ಮೇಲ್ವಿಚಾರಕಿ ಕಿರುಚೋಳು. ಕೆಳಗೆ ನನ್ನ ಗೆಳತಿ ಮಲಗ್ಕೊಂಡು ಊರಿನ ಗುಟ್ಟೆಲ್ಲ ಹೇಳೋಳು. ಇವಳ ಮಾತಿಗೆ ನಗಬೇಕು, ಅವಳ ಕೂಗಿಗೆ ಹೆದರಬೇಕು. ಅದರಲ್ಲಿ ಹೊಲಿಗೆ ಎಲ್ಲಿ ನೆಟ್ಟಗಿರುತ್ತೆ?"

ಅಸಲಿ ಹೊಲಿಗೆಗೆ ಅಸಲಿ ಕಾರ್ಖಾನೆಯೇ ಬೇಕೆಂದು ರಾಯರಿಗೆ ಹೊಳೆಯಿತು. ಮೇಲ್ವಿಚಾರಕಿಯ ಹುದ್ದೆಗೆ ಹೊರಗೆ ಹುಡುಕಬೇಕಾಗಲಿಲ್ಲ.

"ಗಮನಿಸಿ!" ಎಂದು ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗುಡುಗಿದಳು. "ಎಡರೆಕ್ಕೆಯ ಎರಡನೇ ಪಕ್ಕೆಲುಬು ಇಪ್ಪತ್ತು ನಿಮಿಷ ತಡವಾಗಿ ನಡೀತಿದೆ! ಕೆಳಗೆ ಮಲಗಿರೋರು ಸೂಜಿ ಬೇಗ ಬಿಡಬೇಕಾಗಿ ವಿನಂತಿ!" ಹೊರಗೆ ನಾಯಿಯೊಂದು ಓಡಿಹೋದ ಸದ್ದು ಕೇಳಿಸಿತು.

ಕಿರುಚಾಟ ಸರಿಹೋಯಿತು. ಹರಟೆಯೇ ಕೈಕೊಟ್ಟಿತು. ರಾಯರು ಕೆಳಗಿನಿಂದ ವಾಚಿನ ಸ್ಪ್ರಿಂಗುಗಳ ಬಗ್ಗೆ ಮಾತಾಡಿದರು.

"ಅಳಿಯಂದಿರೇ, ನಿದ್ದೆ ಬರ್ತಿದೆ. ಹೊಲಿಗೆ ಇನ್ನೂ ನೆಟ್ಟಗಾಗ್ತಿದೆ," ಎಂದರು ಅತ್ತೆ. ರಾಯರು ಪಕ್ಕದ ಮನೆಯವರ ಬಗ್ಗೆ ಏನೋ ಕಟ್ಟಿ ಹೇಳಿದರು. "ಇದು ನೀವೇ ಕಟ್ಟಿದ್ದು. ನಂಗೆ ಗೊತ್ತಾಗಲ್ವಾ? ನಕಲಿ ಗುಟ್ಟಿಗೆ ಯಾರೂ ನಗಲ್ಲ. ನಿಜವಾದ್ದು ಹೇಳಿ. ನಿಮ್ಮದೇ ಆಗಬೇಕು."

ರಾಯರು ಬೆವರಿದರು. ಅತ್ತ ಜಾರುಬಂಡೆ, ಇತ್ತ ಗುಟ್ಟು. ಹೆಂಡತಿ ಅಡುಗೆಮನೆಗೆ ಹೋದದ್ದನ್ನು ಖಚಿತ ಮಾಡಿಕೊಂಡು ದನಿ ತಗ್ಗಿಸಿದರು.

"ಮದುವೆಯ ಹತ್ತನೇ ವಾರ್ಷಿಕೋತ್ಸವಕ್ಕೆ ನಿಮ್ಮ ಮಗಳಿಗೆ ಒಂದು ವಾಚು ಕೊಟ್ಟಿದ್ದೆನಲ್ಲ..."

"ದೊಡ್ಡ ಕಂಪನೀದು. ಮಲಗುವಾಗ್ಲೂ ಬಿಚ್ಚಲ್ಲ ಅವಳು."

"ಅದು ಕಂಪನೀದಲ್ಲ ಅತ್ತೆ. ಐದು ಸತ್ತ ವಾಚುಗಳ ಭಾಗ ಸೇರಿಸಿ ನಾನೇ ಮಾಡಿದ್ದು. ಮೇಲಿನ ಹೆಸರನ್ನೂ ನಾನೇ ಬ್ರಷ್ಷಲ್ಲಿ ಬರೆದೆ."

ಮೇಲೆ ಅತ್ತೆ ಕುಲುಕುಲು ನಕ್ಕರು. ಸೂಜಿ ವಾಲಿತು, ಹೊಲಿಗೆ ಚೆಂದವಾಗಿ ಸೊಟ್ಟಗಾಯಿತು. "ಬಂತು, ಬಂತು! ಇದೇ ನಮ್ಮ ಕಾರ್ಖಾನೆ!" ಎಂದು ಅವರು ಸಂಭ್ರಮಿಸುವಷ್ಟರಲ್ಲಿ ರಾಯರ ಕಿವಿಯ ಪಕ್ಕದಲ್ಲೇ ಎರಡು ಮೊಣಕಾಲುಗಳು ಬಂದು ನಿಂತವು. ಅಡುಗೆಮನೆಯಿಂದ ಹಾಲಿಗೆ ಬರಲು ಇದ್ದದ್ದು ಅದೊಂದೇ ದಾರಿ.

ಹೆಂಡತಿ ವಾಚನ್ನು ಕೈಯಿಂದ ಬಿಚ್ಚಿದಳು. ಅದು ಆ ವಾಚಿನ ಜೀವನದಲ್ಲೇ ಮೊದಲು.

"ಅದಕ್ಕೇನಾ ಅದು ದಿನಾ ಎರಡು ನಿಮಿಷ ಹಿಂದೆ ಬೀಳ್ತಿದ್ದದ್ದು?"

"ಅದೂ... ಆ ಸ್ಪ್ರಿಂಗು..."

"ಹದಿನೆಂಟು ವರ್ಷ! ನಿಲ್ದಾಣದ ಗಡಿಯಾರವೇ ತಪ್ಪು ಅಂತ ಹದಿನೆಂಟು ವರ್ಷ ಜಗಳ ಆಡಿದ್ದೀನಲ್ರೀ! ಎಷ್ಟು ಜನಕ್ಕೆ ಬಸ್ಸು ತಪ್ಪಿಸಿದ್ದೀನೋ! ನೆಂಟರ ಚೀಲ ಹಿಸುಕಿ ನೋಡೋ ಮಹಾನುಭಾವರು ನೀವು!"

ರಾಯರು ಏಳಲು ನೋಡಿದರು. ಮೇಲ್ವಿಚಾರಕಿ ಒಪ್ಪಲಿಲ್ಲ. "ಕೆಳಗಿನ ಕೆಲಸಗಾರರು ಸ್ಥಳ ಬಿಟ್ಟು ಕದಲಬಾರದು! ಅಮ್ಮಾ, ಇನ್ನೂ ಎಷ್ಟು ಪಕ್ಕೆಲುಬು ಇದೆ?"

"ಹನ್ನೊಂದು."

"ಹಾಗಾದ್ರೆ ಇನ್ನೂ ಹನ್ನೊಂದು ಗುಟ್ಟು ಬರಲಿ."

ಒಂದೊಂದಾಗಿ ಬರತೊಡಗಿದವು. ಹೆಂಡತಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಸೋಫಾದಲ್ಲಿ ಕೂತು ಕೇಳಿದಳು. ತಲೆಗೂದಲಿಗೆ ಬಣ್ಣ ಹಚ್ಚುವುದು ಮೂರನೇ ಪಕ್ಕೆಲುಬಿನಲ್ಲಿ ಹೊರಬಂತು. ಕೆಲಸವಿದೆ ಎಂದು ನಾದಿನಿಯ ಮದುವೆ ತಪ್ಪಿಸಿಕೊಂಡು ಸಿನಿಮಾಕ್ಕೆ ಹೋದದ್ದು ಏಳನೆಯದರಲ್ಲಿ. ನಾಲ್ಕು ದಿನ ಕಳೆಯುವ ಹೊತ್ತಿಗೆ ರೆಕ್ಕೆಯಲ್ಲಿ ಒಂದೇ ಪಕ್ಕೆಲುಬು ಬಾಕಿ, ರಾಯರ ಬಳಿ ಗುಟ್ಟು ಎಂಬುದು ಎಳ್ಳಷ್ಟೂ ಬಾಕಿಯಿಲ್ಲ. ಕೊನೆಯದನ್ನು ಹಾಗೇ ಬಿಟ್ಟರು.

ಪರೀಕ್ಷಕಿ ಬಂದು ಎಡರೆಕ್ಕೆಯ ಮೇಲೆ ಬೆರಳಾಡಿಸಿದರು. "ಇದೇ ಆ ಕೈ! ಯಾರದು?"

ಅತ್ತೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಬೀರುವಿನಿಂದ ಕಾರ್ಖಾನೆಯ ಹಳೆಯ ಗುರುತಿನ ಚೀಟಿ ತಂದು ತೋರಿಸಿದರು. ಪರೀಕ್ಷಕಿ ಕಿವಿಯಿಂದ ಪೆನ್ಸಿಲು ತೆಗೆದು ಫಾರಮ್ಮಿನಲ್ಲಿ ಬರೆದರು. ಎಡರೆಕ್ಕೆ: ಅಸಲಿ. ಸಭಾಂಗಣಕ್ಕೆ ಒಪ್ಪಿಗೆ. ರಾಯರ ಕಣ್ಣಲ್ಲಿ ನೀರು ಬಂತು.

"ಬಳಸಿದ ಸಲಕರಣೆಗಳು?" ಎಂದು ಪರೀಕ್ಷಕಿ ಮುಂದಿನ ಕಾಲಮು ಓದಿದರು.

"ಉದ್ದ ಸೂಜಿ," ಎಂದರು ಅತ್ತೆ. "ಮೇಣದ ದಾರ. ಅಳಿಯಂದಿರು."

"ಮೂರೂ ಆ ಕಾಲದವೇನಾ?"

"ಸೂಜಿ ನಂದೇ, ಆಗಿನದು. ದಾರಾನೂ ಅದೇ ತರಹದ್ದು. ಆದ್ರೆ ಕೆಳಗೆ ಮಲಗ್ತಿದ್ದೋಳು ನನ್ನ ಗೆಳತಿ. ಇವರು ಅವಳ ಬದಲಿಗೆ."

ಪರೀಕ್ಷಕಿ ಪ್ರಾಮಾಣಿಕರು. ಅದನ್ನೂ ಬರೆದುಕೊಂಡರು. ಬಾಕಿ ಉಳಿದ ಆ ಒಂದು ಪಕ್ಕೆಲುಬನ್ನು ಉದ್ಘಾಟನೆಯ ದಿನ ಜನರ ಮುಂದೆಯೇ ಹೊಲಿದು ತೋರಿಸಬೇಕೆಂದೂ ಕೇಳಿಕೊಂಡರು.

ಹೀಗೆ ಕೂದಲೆಳೆ ರಾಯರು ಕೊನೆಗೂ ತಮ್ಮ ವಿಮಾನದೊಡನೆ ಸಭಾಂಗಣ ಸೇರಿದರು. ರೆಕ್ಕೆಯ ಪಕ್ಕದಲ್ಲಿ ಹೂಮಾಲೆ ಹಾಕಿಕೊಂಡು ಅತ್ತೆ ಹೊಲಿಯುತ್ತಿದ್ದರು. ಹೆಂಡತಿ ಮೈಕಿನಲ್ಲಿ, "ಮಾನ್ಯರೇ, ಈಗ ಹೊಲೀತಿರೋ ಕೈಗಳು ಅಸಲಿ!" ಎಂದು ಕೂಗುತ್ತಿದ್ದಳು. ರೆಕ್ಕೆಯ ಕೆಳಗಿನಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಅಸಲಿಯಲ್ಲದ ಸಲಕರಣೆಗೆ ಗುರುತು ಇರಬೇಕೆಂಬ ನಿಯಮದಂತೆ ಬಲಗಾಲಿನ ಹೆಬ್ಬೆರಳಿಗೆ ಒಂದು ಚೀಟಿ ಕಟ್ಟಿತ್ತು: 'ನಕಲು'.

ಜನರ ಸಾಲಿನಿಂದ ಒಬ್ಬ ಮುದುಕಪ್ಪ ಬಗ್ಗಿ ಚೀಟಿ ಓದಿ, ಪಾದವನ್ನು ಮೆಲ್ಲಗೆ ತಟ್ಟಿ ನೋಡಿ, ತನ್ನ ಹೆಂಡತಿಗೆ ಹೇಳಿದ:

"ಪರವಾಗಿಲ್ವೇ, ಹಿಮ್ಮಡಿಯ ಬಿರುಕನ್ನೂ ಅಸಲಿ ತರಹವೇ ಮಾಡಿದ್ದಾರೆ ನೋಡು!"

ಉತ್ತರ ಕೊಡಬೇಕೆಂದು ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಮೇಲಿನಿಂದ ಸೂಜಿ ಬಂತು.