ಕೊಟ್ಟಿಗೆಯ ಮೋಟಾರು ಮಹಾಶಯರ ಮೈಹೊಳಪಿನ ವಿಷಯವಾಗಿ

ಶ್ರೀಮತ್ ಚತುಶ್ಚಕ್ರಾಧೀಶ್ವರ, ಧೂಳಿಧೂಸರಗಾತ್ರ, ಕಪೋತಕುಲಾಶ್ರಯದಾತ, ಮೂಡಲಗಿಯ ನಮ್ಮ ದನದ ಕೊಟ್ಟಿಗೆಯ ಖಾಯಂ ನಿವಾಸಿಗಳಾದ ಕರಿಯ ಮೋಟಾರು ಮಹಾಶಯರ ಚಕ್ರಕಮಲಗಳಿಗೆ, ಗೋಕಾಕದಲ್ಲಿ ಮ್ಯಾಟ್ರಿಕ್‌ವರೆಗೆ ಓದಿಯೂ ಬುದ್ಧಿ ಬಾರದ ಶಿದ್ಲಿಂಗಪ್ಪನು ಎರಡೂ ಮಸಿಗೈ ಜೋಡಿಸಿ ಮಾಡುವ ಬಹಿರಂಗ ವಿಜ್ಞಾಪನೆ.

ಮಾನ್ಯರೇ, ಸ್ವಾತಂತ್ರ್ಯದ ವರ್ಷ ವಿಲಾಯತಿಗೆ ಹೊರಟ ಸಾಹೇಬನೊಬ್ಬನ ಲಿಲಾವಿನಲ್ಲಿ ನಮ್ಮ ಮುರಿಗೆಪ್ಪ ಕಾಕಾ ತಮ್ಮನ್ನು ಕೊಂಡು ತಂದಂದಿನಿಂದ, ಎತ್ತುಗಳ ಬಾಜೂಕ್ಕೆ ನಿಂತು ತಾವು ತೋರಿದ ಸಹನೆ ಮಠದ ಸ್ವಾಮಿಗಳಿಗೂ ಕಷ್ಟ. ಪಾರಿವಾಳಗಳು ತಮ್ಮ ನೆತ್ತಿಯ ಮೇಲೆ ಸಂಸಾರ ಹೂಡಿದವು, ಬೆಕ್ಕು ತಮ್ಮ ಸೀಟಿನಲ್ಲಿ ಬಾಣಂತಿತನ ಮುಗಿಸಿತು, ತಾವು ಚಕಾರವೆತ್ತಲಿಲ್ಲ. ಪ್ರತಿ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಹುರಮಂಜಿನ ಕೆಂಪು ಬಳಿಯುವ ನಮ್ಮ ಆಳು ಮಾಯಪ್ಪ ತಮಗೂ ಅದನ್ನೇ ಬಳಿದು, ಮೇಲೆ ಔಡಲೆಣ್ಣೆ ಸವರಿದ. ಕೇಳಿದರೆ, “ಕೊಟಗ್ಯಾಗ ಇದ್ದವರಿಗೆಲ್ಲಾ ಹಚ್ಚೀನ್ರಿ ಸಣ್ಣ ಸಾವ್ಕಾರ್ರ, ಇದೊಂದಕ್ಕ ಬ್ಯಾಸರ ಆಗಬಾರದಲ್ರಿ” ಎಂದ.

ಇಷ್ಟಾದರೂ ನನ್ನ ತಕರಾರಿರಲಿಲ್ಲ. ಆದರೆ ಹುಕ್ಕೇರಿಗೆ ಕನ್ಯೆ ನೋಡಲು ಹೋದಾಗ, ಬಸಿಯೊಳಗಿನ ಚಹಾ ಹೀರುತ್ತ ನಾನು, “ನಮ್ಮ ಮನ್ಯಾಗ ಮೋಟಾರ ಐತ್ರಿ” ಎಂದುಬಿಟ್ಟೆ. ಹುಡುಗಿಯ ಅಜ್ಜ ಗುರುಲಿಂಗಪ್ಪನವರು ಮೀಸೆ ತೀಡಿ, “ಹಂಗಾರ ಮದ್ಲ ಮೋಟಾರ ನೋಡ್ತೇವಿ, ಆಮ್ಯಾಲ ಲಗ್ನದ ಮಾತು. ನಮ್ಮ ಶಿವವ್ವ ಅದರಾಗ ಕುಂತs ಗಂಡನ ಮನಿಗಿ ಹೋಗಬೇಕು” ಎಂದರು. ಬಾಗಿಲ ಮರೆಯಲ್ಲಿ ಶಿವವ್ವ ನಕ್ಕಳು. ಆ ನಗುವಿಗಾಗಿ ಗೋಕಾಕದ ಗುಡ್ಡವನ್ನೇ ತಿಕ್ಕಿ ಹೊಳೆಯಿಸುವೆ, ತಾವು ಯಾವ ಲೆಕ್ಕ ಎಂದು ಊರಿಗೆ ಬಂದೆ.

ಪಾತ್ರೆ ಬೆಳಗಿದಂತೆ ಬೂದಿ, ತೆಂಗಿನ ನಾರು ಹಿಡಿದು ತಮ್ಮ ಎಡಗಡೆಯ ಮಡ್‌ಗಾರ್ಡಿನ ಮೇಲೆ ಬಿದ್ದೆ. ತಾವು ಗೀರುಗಳಲ್ಲಿ ಉತ್ತರ ಬರೆದಿರಿ. ಅಲ್ಲಿಂದ ವಿನಯ ಕಲಿತೆ. ಪಾರಿವಾಳಗಳ ಒಣಗಿದ ಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆ ಹೊದಿಸಿ ನೆನೆಸಿದೆ. ಮಾಯಪ್ಪನ ಹುರಮಂಜು, ಎಣ್ಣೆಗಳನ್ನು ಅಂಟುವಾಳದ ನೊರೆಯಿಂದ ಬಿಡಿಸಿದೆ. ಬೆಳಗಾವಿಯಿಂದ ತರಿಸಿದ ಪಾಲಿಶನ್ನು ಹಳೆಯ ಧೋತರದ ಚೂರಿಗೆ ಹಚ್ಚಿ, ನೆರಳಿನಲ್ಲಿ, ಅಂಗೈಯಗಲದ ಜಾಗ ಹಿಡಿದು, ಕೂಸಿನ ಬೆನ್ನು ನೀವಿದಂತೆ ತಿಕ್ಕಿದೆ. ಬಟ್ಟೆ ಕರ್ರಗಾದದ್ದು ಕಂಡು ಕಾಕಾನ ಹೆಂಡತಿ ಕಾಶೆವ್ವ ಕಾಕು ಎದೆ ಬಡಿದುಕೊಂಡು, “ಏ ಮೂಳಾ, ಇದ್ದ ಬಣ್ಣಾನೂ ಕಿತ್ತಾಕತ್ತೀಯಲ್ಲೋ!” ಎಂದಳು. ಮೇಲಿನ ಸತ್ತ ಬಣ್ಣ ಹೋದರೆ ಕೆಳಗಿನ ಜೀವಂತ ಬಣ್ಣ ಬರುತ್ತದೆಂದು ನಾನು ಗಂಭೀರವಾಗಿ ವಿವರಿಸಲು, “ಹಂಗಾರ ಮದ್ಲ ನಿನ್ನ ಮಾರಿ ತಿಕ್ಕ್ಯೋ, ಏನರ ಬರತೈತೇನ ನೋಡೂಣು” ಎಂದಳು.

ಬಂತು ಮಹಾಶಯರೇ, ತಮ್ಮದು ಬಂತು! ಬೆಳಗಿನ ಬಾವಿನೀರಿನಂಥ ಕಪ್ಪು. ಹುಮ್ಮಸ್ಸಿನಲ್ಲಿ ಬಾಗಿಲಿನ ಅಂಚನ್ನು ಇನ್ನಷ್ಟು ತಿಕ್ಕಿದ್ದಕ್ಕೆ ತಗಡೇ ಇಣುಕಿತು. ಅಲ್ಲಿಗೆ ಕಾಕುವಿನ ಕಾಡಿಗೆ ಹಚ್ಚಿದ್ದೇನೆ, ದಯವಿಟ್ಟು ಬೆವರಬೇಡಿರಿ. ಕೊನೆಗೆ ಜೇನುಮೇಣ ಸವರಿ ಒರೆಸಿದಾಗ ತಮ್ಮ ಬಾಗಿಲಲ್ಲಿ ಕತ್ತೆಯೊಂದು ಕಂಡಿತೆಂದು ಹೊರಳಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ನಿನ್ನೆ ಗುರುಲಿಂಗಪ್ಪನವರು ಬಂದರು. ತಮ್ಮ ಬಾಗಿಲ ಹೊಳಪಿನಲ್ಲಿ ತಲೆಯ ಮೇಲಿನ ರುಮಾಲು ಓರೆಯಾದದ್ದು ಕಂಡು ಬಿಚ್ಚಿ ನೆಟ್ಟಗೆ ಸುತ್ತಿಕೊಂಡು, “ಖರೇನs ಮೋಟಾರ ಐತಲೋ! ಸೋಮವಾರ ಲಗ್ನದ ಮಾತಿಗೆ ಇದರಾಗs ಬರ್ರಿ” ಎಂದು ವೀಳ್ಯ ಕೊಟ್ಟು ಹೋದರು. ಆದ್ದರಿಂದ ನನ್ನ ಬೇಡಿಕೆ ಅತ್ಯಲ್ಪ: ಸೋಮವಾರ ಹುಕ್ಕೇರಿಯ ಹಾದಿಯ ಧೂಳು ತಮ್ಮ ಮೈಮೇಲೆ ಕೂಡದಂತೆ ಅದಕ್ಕೆ ತಾಕೀತು ಮಾಡಬೇಕು, ಸೂರ್ಯನನ್ನು ಮೋಡದ ಹಿಂದೆ ಕೂಡಿಸಬೇಕು, ಮತ್ತು ಬೀಗರ ಓಣಿಯಲ್ಲಿ ಒಂದೇ ಒಂದು ಸಲ ಗುರ್ರೆನ್ನಬೇಕು.

ತಮ್ಮ ಬಾಗಿಲಲ್ಲಿ ದಿನವೂ ತನ್ನ ಯೋಗ್ಯತೆ ನೋಡಿಕೊಳ್ಳುವ,
ತಮ್ಮ ವಿಶ್ವಾಸಿ,
ಶಿದ್ಲಿಂಗಪ್ಪ

ತಾ.ಕ.: ಇಷ್ಟೆಲ್ಲ ಹೊಳಪು ನೋಡಿ ಮುಂದಿನ ಮುಚ್ಚಳ ಮಾತ್ರ ತೆರೆಸದ ಗುರುಲಿಂಗಪ್ಪನವರ ದೊಡ್ಡ ಮನಸ್ಸಿಗೆ ನನ್ನ ಸಾಷ್ಟಾಂಗ. ಅದರೊಳಗಿನ ಇಂಜಿನನ್ನು ಕಾಕಾ ಎಂದೋ ಬಿಚ್ಚಿಸಿದ್ದಾರೆ. ಅದು ನಾಗನೂರಿನ ನಮ್ಮ ಬಾವಿಯ ದಂಡೆಯಲ್ಲಿ ಕೂತು ಕಬ್ಬಿಗೆ ನೀರೆತ್ತುತ್ತಿದೆ. ಹೀಗಾಗಿ ಉಳಿದ ಮೇಣವನ್ನು ಬೆಳಗಿನಿಂದ, ಸೋಮವಾರ ತಮ್ಮ ಮುಂದೆ ಹೂಡಲಿರುವ ಎತ್ತುಗಳ ಕೊಂಬಿಗೆ ತಿಕ್ಕುತ್ತಿದ್ದೇನೆ.