ಏಳೂವರೆಗೆ ಡ್ಯೂಟಿ ಮುಗಿಸುವ ವೈಫೈ

ಬಸಲಿಂಗಪ್ಪನ ಮನೆಯ ವೈಫೈ ಬೆಳಿಗ್ಗೆ ಹತ್ತಕ್ಕೆ ಬರುತ್ತಿತ್ತು, ಸಂಜೆ ಏಳೂವರೆಗೆ ಹೋಗುತ್ತಿತ್ತು. ಭಾನುವಾರ ಪೂರ್ತಿ ಸೂಟಿ. ಇಷ್ಟು ಶಿಸ್ತಿನ ಆಳು ಅಂಗಡಿಗೆ ಸಿಕ್ಕಿದ್ದರೆ ಬಸಲಿಂಗಪ್ಪ ಅವನಿಗೆ ಶಾಲು ಹೊದಿಸುತ್ತಿದ್ದ. ಆದರೆ ಅವನ ಹೆಂಡತಿ ಮಾಲಾಗೆ ಇಂಟರ್ನೆಟ್ ಬೇಕಾಗುತ್ತಿದ್ದದ್ದೇ ಏಳೂವರೆಯ ಮೇಲೆ.

ಮನೆ ಇರುವುದು ಬೆಳಗಾವಿಯ ಕೋಟೆಯ ಕಡೆಗೆ ಹೋಗುವ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ಕೆಳಗೆ ಹಗ್ಗ, ಗೋಣಿಚೀಲ, ತಾಡಪತ್ರಿಯ ಅಂಗಡಿ, ಅದರ ಹಿಂದೆ ಗೋದಾಮು, ಮೇಲೆ ಸಂಸಾರ. ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಅರ್ಧ ಮಾಡುಗಳ ಮೇಲೆ ಹೊದಿಸಿದ ತಾಡಪತ್ರಿ ತನ್ನದೇ ಎಂದು ಬಸಲಿಂಗಪ್ಪ ಹೇಳುತ್ತಿದ್ದ. (ಉಳಿದರ್ಧ ಸೋರುತ್ತವೆ ಎಂಬುದನ್ನೂ ಸೇರಿಸುತ್ತಿದ್ದ.)

ವೈಫೈ ಹಾಕಲು ಬಂದ ಓಂಕಾರ ಎಂಬ ಹುಡುಗ ಮುಂದಿನ ಗೋಡೆಗೆ ಒಂದು ತೂತು ಬೇಕು ಎಂದಿದ್ದ.

"ಹೋದ ದೀಪಾವಳಿಗೆ ಬಣ್ಣಾ ಹಚ್ಚೀಸೇನಪಾ. ತೂತು ಗೀತು ನಡಿಯಂಗಿಲ್ಲ. ಗೋದಾಮಿನ ಬೆಳಕಿಂಡಿ ಐತಿ, ಅದರಾಗಿಂದ ಎಳಿ."

ಹಾಗಾಗಿ ಗೋದಾಮಿನೊಳಗೆ ಒಂದು ಕರಿ ಡಬ್ಬಿ ಕೂತಿತು, ಅದರಿಂದ ಮೆಟ್ಟಿಲ ಗುಂಟ ತಂತಿ ಏರಿ ಮನೆಯೊಳಗೆ ಒಂದು ಬಿಳಿ ಡಬ್ಬಿ ಕೂತಿತು. ಹೊರಗಿನಿಂದ ಬಂದದ್ದನ್ನು ಕರಿ ಡಬ್ಬಿ ಇಳಿಸಿಕೊಳ್ಳುತ್ತದೆ, ಬಿಳಿ ಡಬ್ಬಿ ಮನೆಗೆಲ್ಲ ಹಂಚುತ್ತದೆ ಎಂದು ಓಂಕಾರ ವಿವರಿಸಿದ.

"ಅಂದ್ರ ಒಂದು ಹೋಲ್‌ಸೇಲು, ಒಂದು ರಿಟೇಲು," ಎಂದು ಬಸಲಿಂಗಪ್ಪ ವಿಷಯವನ್ನು ತನ್ನ ಭಾಷೆಗೆ ಇಳಿಸಿಕೊಂಡ. ಮರುವಾರ ಹೊಸ ಮಾಲು ಬಂತು. ಹೋಲ್‌ಸೇಲ್ ಡಬ್ಬಿ ಒಂದರ ಮೇಲೊಂದು ಒಟ್ಟಿದ ಗೋಣಿಚೀಲದ ಥಪ್ಪಿಯ ಹಿಂದೆ ಬಿತ್ತು. ಅವನ ನೆನಪಿನಿಂದಲೂ ಬಿತ್ತು.

ಬಸಲಿಂಗಪ್ಪನಿಗೆ ಲೋಕದಲ್ಲಿ ಇದ್ದ ಭಯ ಒಂದೇ, ಬೆಂಕಿ. ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಹಮಾಲ ಭರಮಪ್ಪನನ್ನು ನಿಲ್ಲಿಸಿ, "ಕಿಸೆ ತೋರಸು," ಎಂದು ಬೀಡಿ, ಕಡ್ಡಿಪೆಟ್ಟಿಗೆ ತೆಗೆಸಿಟ್ಟುಕೊಂಡೇ ಒಳಗೆ ಬಿಡುತ್ತಿದ್ದ. ಹದಿನೆಂಟು ವರ್ಷಗಳಿಂದ ಭರಮಪ್ಪ ಎರಡೂ ಕೈ ಮೇಲೆತ್ತಿ ನಿಂತೇ ಕೆಲಸಕ್ಕೆ ಸೇರುತ್ತಿದ್ದ. ಸಂಜೆ ಅಂಗಡಿ ಮುಚ್ಚುವಾಗ ಶಾರ್ಟ್ ಸರ್ಕೀಟಿನ ಭಯಕ್ಕೆ ಗೋದಾಮಿನ ಫ್ಯೂಜ್ ಕಿತ್ತು ಕಿಸೆಗೆ ಹಾಕಿಕೊಂಡು, ಬಸವಣ್ಣನ ಫೋಟೋಕ್ಕೆ ಕೈ ಮುಗಿದು, ಶಟರ್ ಎಳೆದು ಮೇಲೆ ಹೋದರೆ ಬಸಲಿಂಗಪ್ಪನ ದಿನ ಮುಗಿಯಿತು.

ಈಗ ಸಂಕಟಕ್ಕೆ ಬರೋಣ. ಶರಣೆಯರ ಬಳಗವೊಂದು ಆನ್‌ಲೈನಿನಲ್ಲಿ ವಚನ ಗಾಯನ ಸ್ಪರ್ಧೆ ಇಟ್ಟಿತ್ತು. ಮಾಲಾ ಮೊದಲ ಸುತ್ತನ್ನು ಖಾನಾಪುರದ ತವರಿಗೆ ಹೋದಾಗ ಅಲ್ಲಿಂದಲೇ ಹಾಡಿ ಗೆದ್ದಿದ್ದಳು. ಆಷಾಢದ ಕೊನೆಯ ಶನಿವಾರ ಅಂತಿಮ ಸುತ್ತು. ಎದುರಾಳಿ ಪಾರಿಶ್ವಾಡದ ಸಿದ್ದಕ್ಕ, ಬಸಲಿಂಗಪ್ಪನ ಸ್ವಂತ ಅಕ್ಕ. ಇಪ್ಪತ್ತೆರಡು ವರ್ಷದ ಹಿಂದೆ ಹೊಸ ಸೊಸೆ ಮಾಲಾ ಹಾಡಿದಾಗ "ದನಿ ಐತಿ, ತಾಳ ಇಲ್ಲ" ಎಂದಿದ್ದವಳು ಇದೇ ಸಿದ್ದಕ್ಕ. ಮಾಲಾ ಅದನ್ನು ಮರೆತಿರಲಿಲ್ಲ.

ಆದರೆ ಏಳೂವರೆಗೆ ಅಭ್ಯಾಸಕ್ಕೆ ಕೂತರೆ ಬಿಳಿ ಡಬ್ಬಿಯ ಒಂದು ದೀಪ ಕೆಂಪಾಗುತ್ತಿತ್ತು, ಬಳಗದ ಶರಣೆಯರೆಲ್ಲ ಬಾಯಿ ತೆರೆದಲ್ಲಿಗೇ ಕಲ್ಲಾಗುತ್ತಿದ್ದರು. ಮೊಬೈಲಿನಲ್ಲಿ ಮಾತಾಡುವಷ್ಟು ಸಿಗ್ನಲ್ ಆ ಗಲ್ಲಿಗೆ ಇಳಿಯುತ್ತದೆ, ನೆಟ್ ಇಳಿಯುವುದಿಲ್ಲ. ತಾರಸಿಯಲ್ಲಿ ಸಿಗುತ್ತದೆ, ಆದರೆ ಬೆಳಗಾವಿಯ ಮಳೆಯಲ್ಲಿ ಅಲ್ಲಿ ನಿಂತು ಹಾಡಿದರೆ ಬಹುಮಾನ ಮಳೆಗೇ ಹೋಗುತ್ತದೆ.

"ನೀವು ಮ್ಯಾಲ ಬಂದ್ರಿ ಅಂದ್ರ ನೆಟ್ ಹೋತು ಅಂತನ ಲೆಕ್ಕ," ಎಂದಳು ಮಾಲಾ.

"ನಾ ಏನು ಗ್ರಹಣ ಏನ? ಕಂಪನಿ ಮಂದಿ ಏಳೂವರೆಗೆ ಶಟರ್ ಎಳಿತಾರ. ಅವರದೂ ವ್ಯಾಪಾರಲ್ಲಾ?"

"ಬಾಜೂ ಮಜೀದಣ್ಣಾರ ಮನ್ಯಾಗೂ ಅದ ಕಂಪನಿ ಐತಿ. ರಾತ್ರಿ ತನಕ ನಡೀತೈತಿ."

ಈ ಮಾತು ಬಸಲಿಂಗಪ್ಪನ ತಲೆಯಲ್ಲಿ ಬೇರೆಯೇ ದೀಪ ಹಚ್ಚಿತು. ಮರುದಿನ ಗಾದಿ ಅಂಗಡಿಯ ಮಜೀದನ ಎದುರು ಹೋಗಿ ನಿಂತ. "ಮಜೀದಭಾಯಿ, ಖರೇ ಹೇಳು. ನಮ್ಮ ನೆಟ್ ಜಗ್ಗಾಕತ್ತಿ ಏನ?"

ಮಜೀದ ಹತ್ತಿ ತುಂಬುವುದನ್ನು ನಿಲ್ಲಿಸಲಿಲ್ಲ. "ಸಾವಕಾರ, ನಿಮ್ಮ ನೆಟ್ ನಿಮಗ ಸಿಗವಲ್ದು. ನನಗ ಹೆಂಗ ಸಿಗಬೇಕ್ರಿ?"

ಆದರೂ ಪಾಸ್‌ವರ್ಡ್ ಬದಲಾಯಿತು. ಆಮೇಲೆ ಬಿಳಿ ಡಬ್ಬಿಯ ತೀರ್ಥಯಾತ್ರೆ ಶುರುವಾಯಿತು. ಕಪಾಟಿನ ಮೇಲೆ, ಫ್ರಿಜ್ಜಿನ ಮೇಲೆ, ಕೊನೆಗೆ ನಡುಮನೆಯ ತೊಲೆಗೆ ನೈಲಾನ್ ಹಗ್ಗದಲ್ಲಿ (ಅಂಗಡಿಯದೇ, ಉತ್ತಮ ದರ್ಜೆಯದು) ತೊಟ್ಟಿಲಿನಂತೆ ತೂಗಿತು. ಓಂಕಾರನನ್ನು ಮೂರು ಸಲ ಕರೆಸಿದ್ದಾಯಿತು. ಅವನು ಬರುವುದು ಹಗಲು ಹನ್ನೊಂದಕ್ಕೆ. ಆಗ ನೆಟ್ ಕುದುರೆಯ ಹಾಗೆ ಓಡುತ್ತಿತ್ತು.

"ಇದಕೇನಾಗೈತ್ರಿ ಸಾವಕಾರ್ರ? ಚೊಲೊ ಐತಲ್ಲ."

"ನೀ ಬಂದಿ ಅಂತ ಮರ್ಯಾದಿ ತೋರಸ್ತೈತಿ," ಎಂದು ಬಸಲಿಂಗಪ್ಪ ಹಲ್ಲು ಕಡಿದ.

ಭಾನುವಾರ ಬಿಳಿ ಡಬ್ಬಿಯನ್ನು ತಾಡಪತ್ರಿಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಖಾನಾಪುರಕ್ಕೆ ಒಯ್ದ. ಮಾಲಾಳ ತಮ್ಮ ಚೇತನ ತನ್ನ ಮನೆಯ ತಂತಿಗೆ ಸಿಕ್ಕಿಸಿದ. ಸಂಜೆ ಏಳೂವರೆ ದಾಟಿದರೂ ದೀಪ ಹಸಿರೇ.

"ಮಾಮಾ, ಡಬ್ಬಿ ಚೊಲೊ ಐತ್ರಿ. ದೋಷ ನಿಮ್ಮ ಮನ್ಯಾಗ ಐತಿ. ಅಕ್ಕ ಇಲ್ಲೇ ಬಂದು ಹಾಡಲಿ ಬಿಡ್ರಿ."

ಬಸಲಿಂಗಪ್ಪನಿಗೆ ಇದು ನಾಟಿತು. ಹೆಂಡತಿ ಇಂಟರ್ನೆಟ್ಟಿಗಾಗಿ ತವರಿಗೆ ಹೋದಳು ಎಂದರೆ ಪೇಟೆಯಲ್ಲಿ ತಲೆ ಎತ್ತುವುದು ಹೇಗೆ? "ಹಾಡೂದು ನಮ್ಮ ಮನ್ಯಾಗನ. ಜವಾಬ್ದಾರಿ ನಂದು," ಎಂದು ಮಾತು ಕೊಟ್ಟು ಬಂದ.

ಮಾಲಾ ಗಂಡನ ಜವಾಬ್ದಾರಿಯ ಮೇಲೆ ಭಾರ ಹಾಕದೆ ಬಳಗದವರಿಗೇ ಫೋನ್ ಮಾಡಿ, ಶನಿವಾರ ತನ್ನ ಪಾಳಿಯನ್ನು ಆರೂಮುಕ್ಕಾಲಕ್ಕೆ ಹಾಕಿಸಿಕೊಂಡಳು. ಏಳರೊಳಗೆ ಹಾಡು ಮುಗಿಯುತ್ತದೆ. ಆಮೇಲೆ ಏಳೂವರೆಗೆ ಆ ನೆಟ್ ಗೋವಾಕ್ಕೆ ಬೇಕಾದರೂ ಹೋಗಲಿ.

ಶನಿವಾರ ಬಂತು. ಹಾಡು ಮೆಟ್ಟಿಲಿಳಿದು ಅಂಗಡಿಯ ತನಕ ಕೇಳಿಸಿತು. ಹೆಂಡತಿಗೆ ಇಂಥ ದನಿ ಇದೆಯೆಂದು ಬಸಲಿಂಗಪ್ಪನಿಗೆ ಗೊತ್ತೇ ಇರಲಿಲ್ಲ. ಅವನಿಗೆ ಪರಿಚಯವಿದ್ದದ್ದು ಇನ್ನೊಂದು ದನಿ. ಎದೆ ತುಂಬಿ ಬಂತು. ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳನ್ನು ನಾಳಿದ್ದು ಬನ್ನಿ ಎಂದು ಕಳಿಸಿದ. ಪಕ್ಕದಲ್ಲಿ ಕೂತು ಕೇಳಬೇಕೆಂದು, ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ನಲವತ್ತು ನಿಮಿಷ ಮೊದಲೇ ಅಂಗಡಿ ಮುಚ್ಚಿದ. ಫ್ಯೂಜ್ ಕಿತ್ತ, ಕಿಸೆಗೆ ಹಾಕಿದ, ಕೈ ಮುಗಿದ, ಶಟರ್ ಎಳೆದ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಮೇಲೆ ಮಾಲಾ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಳು. ಎದುರಿನ ಲ್ಯಾಪ್‌ಟಾಪಿನಲ್ಲಿ ತೀರ್ಪುಗಾರರು ಕಲ್ಲಾಗಿದ್ದರು. ಮಗಳು ಸಾಕ್ಷಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಕಂಡ್ಯಾ!" ಬಸಲಿಂಗಪ್ಪ ಗುಡುಗಿದ. "ಕಂಪನಿ ಮಂದಿ ಇವತ್ತ ಮೊದಲ ಮುಚ್ಚಿದ್ರು! ತಡಿ, ಆ ಓಂಕಾರಗ ಫೋನ್ ಹಚ್ತೇನಿ." ಕಿಸೆಗೆ ಕೈ ಹಾಕಿ ಫೋನ್ ಹುಡುಕುತ್ತ ಸಿಕ್ಕಿದ್ದನ್ನೆಲ್ಲ ಟೀಪಾಯಿಯ ಮೇಲೆ ಇಟ್ಟ: ಶಟರಿನ ಕೀಲಿ, ಅಡಕೆಯ ಡಬ್ಬಿ, ಬಿಳಿ ಚೀನಿಮಣ್ಣಿನ ಫ್ಯೂಜ್.

ಸಾಕ್ಷಿ ಫ್ಯೂಜ್ ಎತ್ತಿ ನೋಡಿದಳು. "ಅಪ್ಪಾ, ಇದೆಲ್ಲಿದು?"

"ಗೋದಾಮಿಂದು. ದಿನಾ ತರತೇನಲ್ಲ. ಇಡು ಅದನ್ನ."

"ಆ ಕರಿ ಡಬ್ಬಿ ಎಲ್ಲೈತಿ?"

"ಯಾವ ಕರಿ..." ಬಸಲಿಂಗಪ್ಪನ ಬಾಯಿ ತೆರೆದಲ್ಲಿಗೇ ನಿಂತಿತು. ಈಗ ಅವನಿಗೂ ತೀರ್ಪುಗಾರರಿಗೂ ವ್ಯತ್ಯಾಸವಿರಲಿಲ್ಲ.

ಮಾಲಾ ಹಾಡು ನಿಲ್ಲಿಸಿ ಕಣ್ಣು ತೆರೆದಿದ್ದಳು. ಮೆಟ್ಟಿಲ ಕಡೆ ಬೆರಳು ತೋರಿಸಿದಳು.

ಅವನು ಓಡಿ ಹೋಗಿ ಫ್ಯೂಜ್ ಸಿಕ್ಕಿಸಿದ. ಗೋಣಿಚೀಲದ ಥಪ್ಪಿಯ ಹಿಂದಿನಿಂದ ಹಸಿರು ದೀಪ ಕಣ್ಣು ಮಿಟುಕಿಸಿತು. ಬಳಗದವರು ಮಾಲಾಗೆ ಎಲ್ಲರಿಗಿಂತ ಕೊನೆಗೆ ಇನ್ನೊಮ್ಮೆ ಅವಕಾಶ ಕೊಟ್ಟರು, ಆದರೆ ನಡುವೆ ನಿಂತದ್ದಕ್ಕೆ ಎರಡು ಅಂಕ ಕಳೆದರು. ಅವಳ ಹಾಡು ಮುಗಿಯುವ ತನಕ ಬಸಲಿಂಗಪ್ಪ ಗೋದಾಮಿನಲ್ಲಿ ಫ್ಯೂಜಿನ ಪಕ್ಕ ಕಾವಲು ಕೂರಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ತಾಡಪತ್ರಿಗಳ ನಡುವೆ ಅವನಿಗೆ ಒಂದು ಸಾಲೂ ಕೇಳಿಸಲಿಲ್ಲ.

ಕೇಳಿಸಿದ್ದು ಅಕ್ಕನ ಫೋನು. ಒಂದು ಅಂಕದಿಂದ ಸಿದ್ದಕ್ಕ ಮೊದಲು, ಮಾಲಾ ಎರಡನೆಯವಳು. ಸಾಕ್ಷಿ ಅಷ್ಟರಲ್ಲೇ ಅತ್ತೆಗೆ ಸುದ್ದಿ ಮುಟ್ಟಿಸಿದ್ದಳು.

"ತಮ್ಮಾ, ಅಕ್ಕನ ಮ್ಯಾಲ ಇಷ್ಟ ಜೀವ ಐತಿ ಅಂತ ಗೊತ್ತಿರಲಿಲ್ಲಪಾ," ಎಂದಳು ಸಿದ್ದಕ್ಕ. "ನನ್ನ ಸಲುವಾಗಿ ಹೇಂತಿ ಫ್ಯೂಜ್ ಕಿತ್ತಿ!"

ಸೋಮವಾರ ಓಂಕಾರ ಬಂದು ಮುಂದಿನ ಗೋಡೆಗೆ ತೂತು ಕೊರೆದು ಕರಿ ಡಬ್ಬಿಯನ್ನು ಮನೆಯೊಳಗೇ ತಂದು ಕೂರಿಸಿದ. ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ವೈಫೈ ಈಗ ಭಾನುವಾರವೂ ದುಡಿಯುತ್ತದೆ. ಫ್ಯೂಜ್ ಕೀಳಲು ಬಸಲಿಂಗಪ್ಪನಿಗೆ ಯಾವ ಅಡ್ಡಿಯೂ ಇಲ್ಲ.

ಆದರೂ ಸಂಜೆ ಏಳೂವರೆಗೆ ಅವನು ಮೇಲೆ ಬಂದರೆ ಬಾಗಿಲಲ್ಲಿ ಮಾಲಾ ನಿಂತಿರುತ್ತಾಳೆ.

"ಕಿಸೆ ತೋರಸ್ರಿ."

ಬಸಲಿಂಗಪ್ಪ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಹೇಗೆ ನಿಲ್ಲಬೇಕೆಂದು ಭರಮಪ್ಪನನ್ನು ನೋಡಿ ಅವನಿಗೆ ಮೊದಲೇ ಗೊತ್ತಿತ್ತು.